ಕೂಲೆಂಟ್ ದೀಪ ಆರಿಸಿಕೊಡ್ತೀನಿ ಅನ್ನುವವರ ಕೈಗೆ ಕಾರು ಕೊಡಬೇಡಿ

ಹಳೇ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಮೀಟರ್ ಬೋರ್ಡಿನಲ್ಲಿ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಮ್ಮಿ ಅಂತ ಕೆಂಪು ದೀಪ ಬಂದಾಗ ಗ್ಯಾರೇಜಿನವರು "ಸೆನ್ಸರ್ ಹೋಗಿದೆ ಮೇಡಂ, ಸುಮ್ಮನೆ ಉರೀತಿದೆ, ಒಂದು ವೈರ್ ಕೊಟ್ಟು ಆಫ್ ಮಾಡ್ತೀನಿ" ಅಂದರೆ ಒಪ್ಪಬೇಡಿ. ನಾನು ಒಪ್ಪಿದೆ. ಏಪ್ರಿಲ್ ಬಿಸಿಲಲ್ಲಿ ಎಪ್ಪತ್ಮೂರು ವರ್ಷದ ಅಪ್ಪನನ್ನು ಕೂರಿಸಿಕೊಂಡು, ಗಣಂಗೂರು ಟೋಲ್ ದಾಟಿದ ಮೇಲೆ ಮೈಸೂರು-ಮಂಡ್ಯ ಹೆದ್ದಾರಿಯಲ್ಲಿ ನಿಂತುಬಿಟ್ಟೆ. ಇಂಜಿನ್ ಹೆಡ್ (ಇಂಜಿನ್ನಿನ ಮೇಲ್ಭಾಗ) ಹೋಯಿತು.

ಕಾರು ಅಪ್ಪನದು. ರಿಟೈರ್ ಆದಾಗ ಬಂದ ದುಡ್ಡಲ್ಲಿ ತೆಗೆದುಕೊಂಡ 2012ರ ಡೀಸೆಲ್ ಗಾಡಿ, ಒಂದು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ. ಈಗ ಅದರಲ್ಲಿ ಮೈಸೂರಿಂದ ಮಂಡ್ಯಕ್ಕೆ ದಿನಾ ಪಾಠ ಮಾಡಲು ಹೋಗಿಬರುವವಳು ನಾನು.

ದೀಪ ಮೊದಲು ಕಂಡಿದ್ದು ಜನವರಿಯ ಒಂದು ಬೆಳಿಗ್ಗೆ, ಹಿನಕಲ್ ಸಿಗ್ನಲ್ ಹತ್ತಿರ. ಬಾನೆಟ್ ಎತ್ತಿ ನೋಡಿದರೆ ಟ್ಯಾಂಕಿನಲ್ಲಿ ಕೂಲೆಂಟು ಮಿನ್ (ಕನಿಷ್ಠ ಮಟ್ಟದ) ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಮಾಮೂಲಿ ಗ್ಯಾರೇಜಿಗೆ ಒಯ್ದೆ. ಹುಡುಗ ಡ್ರಮ್ಮಿನಿಂದ ಬೋರ್‌ವೆಲ್ ನೀರು ಮೊಗೆದು ತುಂಬಿಸಿದ, ದೀಪ ಆರಿತು. ಹತ್ತು ದಿನಕ್ಕೆ ಮತ್ತೆ ಬಂತು, ಮತ್ತೆ ಅರ್ಧ ಲೀಟರ್ ನೀರು. ಮೂರನೇ ಸಲ ಹೋದಾಗ ಗ್ಯಾರೇಜಿನ ಯಜಮಾನರೇ ಬಂದು ಸೆನ್ಸರ್ ಮೇಲೆ ತಪ್ಪು ಹೊರಿಸಿದರು. ಐದು ನಿಮಿಷದ ಕೆಲಸ, ಇನ್ನೂರು ರೂಪಾಯಿ. ಆಮೇಲೆ ದೀಪ ಬರಲೇ ಇಲ್ಲ. ನಾನೂ ನೆಮ್ಮದಿಯಾಗಿ ಬಾನೆಟ್ ಎತ್ತುವುದನ್ನೇ ಬಿಟ್ಟೆ.

ಹತ್ತು ದಿನಕ್ಕೊಮ್ಮೆ ಅರ್ಧ ಲೀಟರ್ ಅನ್ನುವುದೇ ಆಗ ನನ್ನನ್ನು ಎಚ್ಚರಿಸಬೇಕಿತ್ತು. ಇದು ಮುಚ್ಚಿದ ವ್ಯವಸ್ಥೆ. ಅದೇ ಕೂಲೆಂಟು ಇಂಜಿನ್ನಿಗೂ ರೇಡಿಯೇಟರಿಗೂ ಸುತ್ತುತ್ತಾ ಇರುತ್ತದೆ, ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ಪದೇ ಪದೇ ಕಮ್ಮಿಯಾಗುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಹೊರಗೆ ಸೋರದಿದ್ದರೆ ಇಂಜಿನ್ ಒಳಗೆ, ಇಲ್ಲವೇ ಕಾರಿನ ಒಳಗೆ.

ನಮ್ಮದು ಸೋರುತ್ತಿದ್ದದ್ದು ಕಾರಿನ ಒಳಕ್ಕೇ, ಅಪ್ಪನ ಕಾಲ ಬುಡಕ್ಕೆ. ಡ್ಯಾಶ್‌ಬೋರ್ಡ್ ಹಿಂದೆ ಹೀಟರ್ ಕೋರ್ ಅಂತ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ಇಂಜಿನ್ನಿನ ಬಿಸಿ ಕೂಲೆಂಟು ಅದರಲ್ಲೂ ಹರಿಯುತ್ತದೆ. ಮೈಸೂರಿನ ಹವೆಗೆ ಹೀಟರ್ ಹಾಕುವವರು ಯಾರು? ಹಾಗಾಗಿ ಅದೊಂದು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಎಡಗಡೆ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ತೇವವಾಗಿತ್ತು. ಕೇಳಿದ್ದಕ್ಕೆ ಗ್ಯಾರೇಜಿನಲ್ಲಿ "ಎಸಿ ನೀರು" ಅಂದರು. ಎಸಿ ಪೈಪ್ ಕಟ್ಟಿಕೊಂಡರೆ ನೀರು ಅಲ್ಲೇ ಬೀಳುವುದು ನಿಜ. ಆದರೆ ಎಸಿ ನೀರು ಬರೀ ನೀರು, ಸಿಹಿ ವಾಸನೆ ಇರಲ್ಲ, ಒಣಗಿದರೆ ಕಲೆ ಇರಲ್ಲ. ಇದು ಬೆರಳಲ್ಲಿ ಉಜ್ಜಿದರೆ ಜಾರುತ್ತಿತ್ತು, ಒಣಗಿದ ಮೇಲೆ ಅಂಟುತ್ತಿತ್ತು. ಮುಂದಿನ ಗಾಜಿಗೆ ಒಳಗಿನಿಂದ ಎಣ್ಣೆ ಹಬೆಯಂಥ ಪೊರೆ, ಬಟ್ಟೆಯಲ್ಲಿ ಒರೆಸಿದರೆ ಹೋಗುವ ಬದಲು ಇನ್ನಷ್ಟು ಹರಡುತ್ತಿತ್ತು.

ವಾಸನೆಯನ್ನಂತೂ ಅಪ್ಪ ಫೆಬ್ರವರಿಯಲ್ಲೇ ಗುರುತಿಸಿದ್ದರು. "ಏನೋ ಸಿಹಿ ವಾಸನೆ ಬರ್ತಿದೆ ಕಣಮ್ಮ, ಬೆಲ್ಲದ ಪಾಕದ ಥರ" ಅಂದರು. ನಾವಿದ್ದದ್ದು ಮಂಡ್ಯದ ರಸ್ತೆಯಲ್ಲಿ. ಅಕ್ಕಪಕ್ಕ ಕಬ್ಬಿನ ಗದ್ದೆ, ಎಲ್ಲೋ ಆಲೆಮನೆ ಉರೀತಿರಬೇಕು ಅಂದುಕೊಂಡು ಗಾಜು ಏರಿಸಿದೆ. ಏರಿಸಿದ ಮೇಲೆ ವಾಸನೆ ಜಾಸ್ತಿಯಾಯಿತೇ ಹೊರತು ಕಮ್ಮಿಯಾಗಲಿಲ್ಲ. ಅದು ಕೂಲೆಂಟಿನಲ್ಲಿರುವ ಗ್ಲೈಕಾಲ್ ಅನ್ನುವ ರಾಸಾಯನಿಕದ ವಾಸನೆ. ಅಷ್ಟು ದಿನ ಆ ಹಬೆಯನ್ನು ಅಪ್ಪ ಉಸಿರಾಡಿದರಲ್ಲ ಅನ್ನುವುದು ಈಗಲೂ ನನ್ನನ್ನು ಕೊರೆಯುತ್ತದೆ.

ಏಪ್ರಿಲ್‌ನಲ್ಲಿ ಮಂಡ್ಯದ ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದೆವು. ಶ್ರೀರಂಗಪಟ್ಟಣ ಕಳೆದು ತೊಂಬತ್ತರಲ್ಲಿ ಹೋಗುತ್ತಿದ್ದಾಗ ಎಸಿ ಬಿಸಿ ಗಾಳಿ ಊದತೊಡಗಿತು, ಪಿಕಪ್ ಬಿತ್ತು. ತಕ್ಷಣ ಟೆಂಪರೇಚರ್ ಮುಳ್ಳು ನೋಡಿದೆ, ಮಧ್ಯದಲ್ಲೇ ಇತ್ತು. ಅದನ್ನು ನಂಬಿ ಇನ್ನೂ ಎರಡು ಮೂರು ಕಿಲೋಮೀಟರ್ ಓಡಿಸಿದೆ. ನನ್ನ ಇಂಜಿನ್ ಸತ್ತದ್ದು ಆ ಎರಡು ಮೂರು ಕಿಲೋಮೀಟರಿನಲ್ಲಿ. ಆಮೇಲೆ ತಿಳಿಯಿತು: ಟೆಂಪರೇಚರ್ ಸೆನ್ಸರ್ ಅಳೆಯುವುದು ಅದನ್ನು ಮುಳುಗಿಸಿರುವ ಕೂಲೆಂಟಿನ ಬಿಸಿಯನ್ನು. ಕೂಲೆಂಟೇ ಇಳಿದುಹೋಗಿ ಅದರ ಸುತ್ತ ಬರೀ ಗಾಳಿ, ಹಬೆ ಉಳಿದರೆ ಇಂಜಿನ್ ಎಷ್ಟೇ ಕಾದಿರಲಿ, ಮುಳ್ಳು ಸರಿಯಾಗಿ ತೋರಿಸುವುದಿಲ್ಲ. ಕೂಲೆಂಟ್ ಕಮ್ಮಿ ಅನ್ನುವ ಬೇರೆ ದೀಪ ಕೊಟ್ಟಿರುವುದೇ ಅದಕ್ಕೆ. ಅದನ್ನು ನಾನು ದುಡ್ಡು ಕೊಟ್ಟು ಆರಿಸಿಕೊಂಡಿದ್ದೆ.

ಬಾನೆಟ್ ಸಂದಿಯಿಂದ ಬಿಳಿ ಹಬೆ ಬಂದಾಗ ಎಡಕ್ಕೆ ತೆಗೆದು ನಿಲ್ಲಿಸಿದೆ. ಗಾಬರಿಯಲ್ಲಿ ಬಾಟಲಿ ನೀರು ಹಿಡಿದು ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಲು ಹೋದೆ. ಬೇಲಿಯಾಚೆ ಸರ್ವಿಸ್ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿಕೊಂಡಿದ್ದ ರೈತರೊಬ್ಬರು ಕೂಗಿದರು: "ಅಕ್ಕೋ, ಕೈ ಆಕ್‌ಬ್ಯಾಡಿ, ಮಕಕ್ಕೇ ಎಗರ್ತದೆ!" ಅಂಗಿ ತೋಳು ಮೇಲೆತ್ತಿ ತೋರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಟ್ರ್ಯಾಕ್ಟರ್ ರೇಡಿಯೇಟರ್ ಬಿಚ್ಚಲು ಹೋಗಿ ಆದದ್ದಂತೆ. ಬಿಸಿ ಇಂಜಿನ್ನಿನಲ್ಲಿ ಕೂಲೆಂಟು ಒತ್ತಡದಲ್ಲಿರುತ್ತದೆ, ಅದಕ್ಕೇ 100 ಡಿಗ್ರಿ ದಾಟಿದರೂ ಕುದಿಯದೆ ಇರುವುದು. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು ಅಷ್ಟೂ ಒಮ್ಮೆಗೇ ಉಕ್ಕಿ ಮೇಲೇಳುತ್ತದೆ. ಅಣ್ಣ, ಈ ಬರಹ ನಿಮಗೆ ಸಿಗದಿರಬಹುದು, ನನ್ನ ಮುಖ ಉಳಿದದ್ದು ನಿಮ್ಮಿಂದ.

ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆ, ಗಾಡಿ ಎಳೆಸಿಕೊಂಡು ಮೈಸೂರಿನ ಬನ್ನಿಮಂಟಪದ ಕಡೆ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಅವರು ಸೆನ್ಸರ್ ಕನೆಕ್ಟರಿನ ಹಿಂದೆ ಸುತ್ತಿದ್ದ ಕಪ್ಪು ಟೇಪ್ ಬಿಚ್ಚಿ, ಒಳಗಿದ್ದುದನ್ನು ನನ್ನ ಅಂಗೈಗೆ ಹಾಕಿದರು. ಒಂದಿಂಚು ಉದ್ದದ ತಾಮ್ರದ ತಂತಿ. ಈ ಕಾರಿನ ಟ್ಯಾಂಕಿನೊಳಗೆ ಎರಡು ಲೋಹದ ಕಡ್ಡಿ ಇರುತ್ತವೆ. ಕೂಲೆಂಟಿನ ಮೂಲಕ ಒಂದರಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಹರಿಯುತ್ತಿರುವವರೆಗೆ ದೀಪ ಆರಿರುತ್ತದೆ, ಮಟ್ಟ ಇಳಿದು ಹರಿವು ನಿಂತರೆ ಉರಿಯುತ್ತದೆ. ತಂತಿ ಎರಡನ್ನೂ ಕೂಡಿಸಿಬಿಟ್ಟಿತ್ತು. ಟ್ಯಾಂಕ್ ಪೂರ್ತಿ ಖಾಲಿಯಾದರೂ ಕಾರಿನ ಲೆಕ್ಕದಲ್ಲಿ ಅದು ತುಂಬಿಯೇ ಇತ್ತು.

ಹೆಡ್ ಬಾಗಿತ್ತು, ಅದರ ಕೆಳಗೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಫೇಸಿಂಗ್ (ಬಾಗಿದ್ದನ್ನು ಮತ್ತೆ ಸಮತಟ್ಟು ಮಾಡುವುದು), ಗ್ಯಾಸ್ಕೆಟ್, ಹೇಗೂ ಬಿಚ್ಚಿದ್ದರಿಂದ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಎಲ್ಲಾ ಸೇರಿ ಅರವತ್ತೆರಡು ಸಾವಿರ. ಜನವರಿಯಲ್ಲೇ ಹುಡುಕಿದ್ದರೆ ಹೀಟರ್ ಕೋರ್ ಮತ್ತು ಡ್ಯಾಶ್‌ಬೋರ್ಡ್ ಬಿಚ್ಚುವ ಕೂಲಿ ಸೇರಿ ಹತ್ತು ಸಾವಿರದಲ್ಲಿ ಮುಗಿಯುತ್ತಿತ್ತು. ಒಳಗೆ ಬೋರ್ ನೀರಿನ ಸುಣ್ಣ ಬೇರೆ ಬಿಳಿ ಪದರವಾಗಿ ಕೂತಿತ್ತು.

ಸೆನ್ಸರ್ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಡ್ಡಿಗೆ ಕೊಳೆ, ಕಿಲುಬು ಹಿಡಿದರೂ ದೀಪ ಬರುತ್ತದೆ. ನೀವೇ ನೋಡಬಹುದು: ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಟ್ಯಾಂಕ್ ನೋಡಿ. ಕೂಲೆಂಟು ಮಿನ್ ಮತ್ತು ಮ್ಯಾಕ್ಸ್ ನಡುವೆ ಇದ್ದೂ ದೀಪ ಉರಿಯುತ್ತಿದ್ದರೆ ಆಗ ಸೆನ್ಸರ್ ಮೇಲೆ ಅನುಮಾನ ಪಡಿ. ಮಿನ್‌ಗಿಂತ ಕೆಳಗಿದ್ದರೆ ಸೆನ್ಸರ್ ಸತ್ಯವನ್ನೇ ಹೇಳುತ್ತಿದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿರುವ ಕೂಲೆಂಟನ್ನೇ ತುಂಬಿಸಿ, ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಗೆರೆ ಬಿಟ್ಟು ಇಳಿಯುತ್ತಿದ್ದರೆ ಪ್ರೆಶರ್ ಟೆಸ್ಟ್ ಕೇಳಿ: ಟ್ಯಾಂಕಿಗೆ ಕೈಪಂಪ್ ಕೂರಿಸಿ ಗಾಳಿ ತುಂಬಿ ಪಂಪಿನ ಒತ್ತಡದ ಮುಳ್ಳು ಇಳಿಯುತ್ತದೆಯೇ ನೋಡುತ್ತಾರೆ. ಹೋಸ್ ಕ್ಲಾಂಪ್, ರೇಡಿಯೇಟರಿನ ಪ್ಲಾಸ್ಟಿಕ್ ಅಂಚು, ವಾಟರ್ ಪಂಪ್ ಕೆಳಗೆ ಒಣಗಿದ ಬಿಳಿ, ಹಸಿರು, ಗುಲಾಬಿ ಕಲೆ ಇದೆಯಾ ನೋಡಿಸಿ. ಎಲ್ಲೂ ಸೋರದೆ ಇಳಿಯುತ್ತಿದ್ದು, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿ ಬಣ್ಣದ ನೊರೆ ಅಥವಾ ಟ್ಯಾಂಕಿನಲ್ಲಿ ಗುಳ್ಳೆ ಕಂಡರೆ ಆ ಗಾಡಿ ಓಡಿಸಬೇಡಿ. ನೆಲಕ್ಕೆ ಸೋರಿದ್ದನ್ನು ತೊಳೆದುಬಿಡಿ, ಸಿಹಿಯಾಗಿರುತ್ತದೆ ಅಂತ ನಾಯಿ ನೆಕ್ಕುತ್ತದೆ, ಬೆಕ್ಕೂ ನೆಕ್ಕಬಹುದು, ಅದು ಅವಕ್ಕೆ ಪ್ರಾಣಾಂತಿಕ ವಿಷ.

ಆ ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಈ ತಂತಿ ಹಾಕುವವರು ಅವರೊಬ್ಬರೇ ಅಲ್ಲ ಅಂತ ಬನ್ನಿಮಂಟಪದವರೇ ಹೇಳಿದರು, ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಮುಂಚೆ ಕೂಡ ಹಾಕುತ್ತಾರಂತೆ. ಎರಡು ಕಡ್ಡಿಯ ಸೆನ್ಸರ್ ಇರುವ ಹಳೇ ಕಾರು ಕೊಳ್ಳುವವರು ಕೀ ಆನ್ ಮಾಡಿ, ಟ್ಯಾಂಕಿನ ಸೆನ್ಸರ್ ಕನೆಕ್ಟರ್ ಎಳೆದು ನೋಡಿ. ದೀಪ ಬರಬೇಕು. ಬರದಿದ್ದರೆ ಟೇಪ್ ಬಿಚ್ಚಿಸಿ.