ಎರಡು ಟನ್ನಿನ ಟ್ರಾಲಿ ಜಾಕ್: ತ್ರಿಚಕ್ರ ಸ್ಕೂಟರಿನ ಅಡಿಯಲ್ಲಿ ಮೂರು ವರ್ಷ

ಹಿಂದೆ ಎರಡೂ ಬದಿಗೆ ಚಕ್ರ ಜೋಡಿಸಿದ ನನ್ನ ಸ್ಕೂಟರನ್ನು ಸರ್ಕಾರಿ ಕಡತ ದ್ವಿಚಕ್ರ ವಾಹನ ಎನ್ನುತ್ತದೆ, ಜನ ತ್ರಿಚಕ್ರ ಎನ್ನುತ್ತಾರೆ, ಎಣಿಸಿದರೆ ನಾಲ್ಕು ಚಕ್ರಗಳಿವೆ. ಹೆಸರು ಏನೇ ಇರಲಿ, ಪಕ್ಕದ ಚಕ್ರ ಬಂದ ಮೇಲೆ ಸೆಂಟರ್ ಸ್ಟ್ಯಾಂಡ್ ಬಳಕೆಗೆ ಬರುವುದಿಲ್ಲ. ಪಂಕ್ಚರ್ ಆದರೂ, ಬ್ರೇಕ್ ಶೂ ಸವೆದರೂ ಇಡೀ ಹಿಂಭಾಗವನ್ನು ಎತ್ತಲೇಬೇಕು. ಪ್ರತಿ ಸಲವೂ ಅಕ್ಕಪಕ್ಕದವರನ್ನು ಕರೆದು ಎತ್ತಿಸಿ ಸಾಕಾಗಿ, ಮೂರು ವರ್ಷದ ಹಿಂದೆ ದಾವಣಗೆರೆಯ ಮಂಡಿಪೇಟೆಯಲ್ಲಿ, ಎಣ್ಣೆಯ ಒತ್ತಡದಿಂದ ಎರಡು ಟನ್ ಭಾರ ಎತ್ತಬಲ್ಲ, ಗಾಲಿಗಳಿರುವ ಈ ಹೈಡ್ರಾಲಿಕ್ ಜಾಕ್ ಕೊಂಡೆ.

ಸ್ಕೂಟರಿನ ತೂಕಕ್ಕೆ ಎರಡು ಟನ್ ಅತಿಯಾಯಿತು, ನಿಜ. ಆದರೆ ಒಂದು ಕಾಲಿಗೆ ಬಲವಿಲ್ಲದ ನಾನು ಮಣೆಯ ಮೇಲೆ ಕುಳಿತೇ ಹಿಡಿ ಒತ್ತಬಲ್ಲೆ, ಅದೇ ನನಗೆ ದೊಡ್ಡ ಅನುಕೂಲ. ಇದರ ಕನಿಷ್ಠ ಎತ್ತರ 13.5 ಸೆಂ.ಮೀ., ಗರಿಷ್ಠ 33 ಸೆಂ.ಮೀ.

ಜಾಕನ್ನು ಎಲ್ಲಿ ಕೊಡಬೇಕೆಂಬುದು ಮುಖ್ಯ. ಇಂಥ ಸ್ಕೂಟರಿನಲ್ಲಿ ಎಂಜಿನ್ನು ಹಿಂಚಕ್ರದ ಜೊತೆಗೇ ಮೇಲೆ ಕೆಳಗೆ ಆಡುವುದರಿಂದ, ಅದರ ಅಲ್ಯೂಮಿನಿಯಂ ಕವಚಕ್ಕೆ ಜಾಕ್ ಕೊಟ್ಟರೆ ಕವಚ ಬಿರಿಯಬಹುದು, ಗಾಡಿಯೂ ಭದ್ರವಾಗಿ ನಿಲ್ಲದು. ಪಕ್ಕದ ಚಕ್ರಗಳನ್ನು ಹೊತ್ತ ಅಡ್ಡ ಕಬ್ಬಿಣದ ನಡುವಿಗೆ, ಒಂದು ಮರದ ತುಂಡನ್ನಿಟ್ಟು ನಾನು ಜಾಕ್ ಕೊಡುತ್ತೇನೆ. ಅದಕ್ಕೂ ಮೊದಲು ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲಿನ ಅಡೆ ಬೀಳಲೇಬೇಕು, ಏಕೆಂದರೆ ಎಡಗೈ ಬ್ರೇಕಿನ ಲಾಕ್ ಹಿಡಿಯುವುದು ಹಿಂಚಕ್ರವನ್ನು, ಅದು ನೆಲ ಬಿಟ್ಟಮೇಲೆ ಆ ಲಾಕಿಗೆ ಅರ್ಥವಿಲ್ಲ.

ಮೊದಲ ವರ್ಷದಲ್ಲೇ ಒಂದು ಪಾಠವಾಯಿತು. ಟ್ರಾಲಿ ಜಾಕಿನ ತಲೆ ನೆಟ್ಟಗೆ ಏರುವುದಿಲ್ಲ, ಬಿಲ್ಲಿನಂತೆ ಬಾಗಿ ಏರುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸಲು ಜಾಕಿನ ಗಾಲಿಗಳು ನೆಲದ ಮೇಲೆ ತಾವಾಗಿ ಉರುಳಬೇಕು. ನಮ್ಮ ಅಂಗಳದ ಕಡಪ ಕಲ್ಲುಗಳ ಸಂದಿಯಲ್ಲಿ ಒಂದು ಗಾಲಿ ಸಿಕ್ಕಿಕೊಂಡದ್ದನ್ನು ಗಮನಿಸದೆ ಹಿಡಿ ಒತ್ತುತ್ತಲೇ ಹೋದೆ. ಮರದ ತುಂಡು ಕಿರ್ರೆಂದು ಜರುಗಿತು, "ಅಪ್ಪಾ, ಕೈ ತಗಿ!" ಎಂದು ಮಗ ಕೂಗುವಷ್ಟರಲ್ಲಿ ಗಾಡಿ ದಡಕ್ಕನೆ ಕುಸಿಯಿತು. ಮಡ್‌ಗಾರ್ಡ್ ಸೀಳಿತು, ಕೈ ಉಳಿಯಿತು. ತಪ್ಪು ಜಾಕಿನದಲ್ಲ.

ಮರುದಿನವೇ, ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಒಂದು ಜೊತೆ ತಂದೆ. ಜಾಕ್ ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ ಎಂದು ಅಂಗಡಿಯವರು ಮಾರುವಾಗಲೇ ಹೇಳಬೇಕಿತ್ತು. ಸ್ಟ್ಯಾಂಡಿನ ಕನಿಷ್ಠ ಎತ್ತರ 28 ಸೆಂ.ಮೀ. ಇರುವುದರಿಂದ ಜಾಕಿಗೆ ಉಳಿಯುವ ಅಂತರ ಅಷ್ಟಕ್ಕಷ್ಟೇ, ಕೊಳ್ಳುವ ಮೊದಲು ಎರಡನ್ನೂ ಅಳೆದು ನೋಡುವುದು ಲೇಸು. ಅಡ್ಡ ಕಬ್ಬಿಣದ ಎರಡೂ ತುದಿಗೆ ಸ್ಟ್ಯಾಂಡ್ ಕೊಟ್ಟು, ಜಾಕ್ ಇಳಿಸಿ, ಗಾಡಿಯನ್ನೊಮ್ಮೆ ಅಲುಗಿಸಿ ನೋಡಿದ ಮೇಲೆಯೇ ಈಗ ಚಕ್ರದ ನಟ್ಟಿಗೆ ಕೈ ಹಾಕುತ್ತೇನೆ. ಬಿಗಿ ನಟ್ಟನ್ನು ಮಾತ್ರ ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿಕೊಂಡಿರುತ್ತೇನೆ.

ಎರಡನೆಯ ಬೇಸಿಗೆ ಕಳೆಯುವಷ್ಟರಲ್ಲಿ ಎತ್ತಿದ ಗಾಡಿ ಅರ್ಧ ಗಂಟೆಯಲ್ಲಿ ಎರಡು ಬೆರಳಿನಷ್ಟು ತಾನಾಗಿ ಇಳಿಯತೊಡಗಿತು. ಜಾಕಿಗೆ ಬ್ರೇಕ್ ಆಯಿಲ್ ಸುರಿಯಿರಿ ಎಂದವರ ಮಾತು ಕೇಳಲಿಲ್ಲ, ಅದು ಒಳಗಿನ ರಬ್ಬರ್ ಸೀಲನ್ನು ಹಾಳುಮಾಡುತ್ತದೆ. ಸೀಲ್ ಬದಲಿಸಿ, ಹೈಡ್ರಾಲಿಕ್ ಆಯಿಲ್ ತುಂಬಿಸಿ, ಇಳಿಸುವ ವಾಲ್ವ್ ಸಡಿಲಿಸಿಕೊಂಡು ಹತ್ತಾರು ಬಾರಿ ಹಿಡಿ ಒತ್ತಿ ಗಾಳಿ ತೆಗೆದ ಮೇಲೆ ಸರಿಹೋಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಎರೆಮಣ್ಣಿನ ಹಿತ್ತಲಿರುವವರು ದಪ್ಪ ಪ್ಲೈವುಡ್ ಹಲಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಗಾಡಿ ಮೇಲೇಳುವ ಮೊದಲು ಜಾಕೇ ಕೆಳಗಿಳಿದಿರುತ್ತದೆ.