ಯಾವ ಕಲ್ಲು ಹಿರಿಯದು? ಹಾಸನಕ್ಕೆ ಹೋಗಬೇಕೋ, ಚಿಕ್ಕಮಗಳೂರಿಗೋ?

ಬಂಡೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಮಕ್ಕಳಿಗೆ ತೋರಿಸಲು ಒಂದೇ ದಿನ ಇದೆಯಾ?

ಶಾಲೆಯ ಮಕ್ಕಳಾದರೆ ಹಾಸನವೇ ಸುಲಭ. ಸುತ್ತಮುತ್ತ ಬೂದು ಪಟ್ಟೆಗಳ ನೈಸ್ (gneiss) ಬಂಡೆ, ಅಂದರೆ ನೆಲದಾಳದ ಶಾಖ, ಒತ್ತಡಕ್ಕೆ ರೂಪ ಬದಲಾದ ಕಲ್ಲು. ಕೆಲವು ಕಡೆ ಅದರ ಬಿರುಕಿಗೆ ಶಿಲಾರಸ ನುಗ್ಗಿ ಕಪ್ಪು ಡೈಕ್ ಆಗಿದೆ. ಸೀಳಿದ್ದು ಕಿರಿಯದು, ಸೀಳಿಸಿಕೊಂಡದ್ದು ಹಿರಿಯದು. ಒಂದು ಕಲ್ಲುಕ್ವಾರಿ ಸಾಕು, ಒಪ್ಪಿಗೆ ಪಡೆದು ಹೋಗಿ.

ಕಾಲೇಜಿನವರನ್ನು ನಾನಂತೂ ಚಿಕ್ಕಮಗಳೂರಿಗೇ ಕಳಿಸುತ್ತೇನೆ. ಬಾಬಾಬುಡನ್‌ ಗಿರಿಸಾಲಿನ ಬುಡದಲ್ಲಿ ಹಳೆಯ ಗ್ರಾನೈಟ್, ನೈಸ್. ಅದು ಸವೆದ ಮೇಲೆ ಬೆಣಚುಕಲ್ಲಿನ ಗುಂಡುಗಳು ಸೇರಿ ಗಟ್ಟಿಯಾದ ಕಾಂಗ್ಲಾಮರೇಟ್ ಕೂತಿದೆ. ಒಳಗಿನ ಗುಂಡು ಅದನ್ನು ಹಿಡಿದಿರುವ ಬಂಡೆಗಿಂತ ಹಳೆಯದೇ ಇರಬೇಕು, ಅಲ್ವಾ? ಎಷ್ಟು ಚೆಂದದ ಸಾಕ್ಷಿ! ಅದರ ಮೇಲೆ ಲಾವಾ ಪದರಗಳು, ಇನ್ನೂ ಮೇಲೆ ಕಬ್ಬಿಣದ ಪಟ್ಟೆಕಲ್ಲು.

ಕೆಳಗಿನ ಪದರ ಹಳೆಯದು ಎಂಬ ನಿಯಮವನ್ನು ಡೆನ್ಮಾರ್ಕ್‌ನ ವಿಜ್ಞಾನಿ ನಿಕೋಲಸ್ ಸ್ಟೆನೋ 1669ರಲ್ಲೇ ಬರೆದಿದ್ದರು. ಆದರೆ ಈ ಗಿರಿಗಳ ಪದರಗಳು ಮಡಿಚಿಕೊಂಡಿವೆ. ಸುಮ್ನೆ ಕೆಳಗಿದೆ ಅಂತ ಹಳೆಯದು ಅನ್ನುವಂತಿಲ್ಲ. ಮರಳು ಗಟ್ಟಿಯಾದ ಕಲ್ಲಿನಲ್ಲಿ ಅಲೆಯ ಗುರುತು ಹುಡುಕಿ, ಮೇಲ್ಮೈ ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಬೇಕು.

ಎರಡೂ ಕಡೆ ಸಿಗುವುದು ಸರದಿ ಮಾತ್ರ. ವರ್ಷದ ಲೆಕ್ಕಕ್ಕೆ ಪ್ರಯೋಗಾಲಯವೇ ಬೇಕು.