ಗಳವೋ ಲಂಗರೋ? ಅಳಿವೆಯಲ್ಲಿ ಫಿಶಿಂಗ್ ಕಯಾಕ್ ನಿಲ್ಲಿಸುವ ಸಾಮಾನುಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಬಿದಿರಿನ ಗಳ. ಎಂಟು ಅಡಿಯ ಒಂದು ಗಳ, ಕಯಾಕಿನ ಬದಿಯಲ್ಲಿ ಹಿಂದೆ ಮುಂದೆ ಓಡುವ ಒಂದು ಟ್ರಾಲಿ ಹಗ್ಗ, ಇವೆರಡಿದ್ದರೆ ಶರಾವತಿ, ಅಘನಾಶಿನಿಯಂಥ ಅಳಿವೆಗಳಲ್ಲಿ ಗಾಳ ಹಾಕಲು ಯೋಗ್ಯವಾದ ಬಹುಪಾಲು ಜಾಗಗಳಲ್ಲಿ ನಿಶ್ಚಿಂತೆಯಿಂದ ಕೂರಬಹುದು. ‘ಕಂಪ್ಲೀಟ್ ಆ್ಯಂಕರ್ ಕಿಟ್’ ಅಂತ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ ಮಡಚುವ ಲಂಗರಿಗೆ ಎರಡನೇ ಸ್ಥಾನ. ಅದೂ ಇದ್ದ ಹಾಗೆ ಅಲ್ಲ, ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಮೇಲೆ. ಸರಪಳಿ ಎಳೆದುಕೊಂಡು ಹೋಗುವುದು ಒಂದೇ ಒಂದು ಕೆಲಸಕ್ಕೆ ಆಗುತ್ತದೆ. ಡ್ರಿಫ್ಟ್ ಚ್ಯೂಟ್‌ಗೆ ಅಳಿವೆಯಲ್ಲಿ ಕೆಲಸವೇ ಇಲ್ಲ (ಅದು ನೀರಿನೊಳಗೆ ಕೊಡೆಯಂತೆ ಬಿಚ್ಚಿಕೊಂಡು ತೇಲುವ ವೇಗ ತಗ್ಗಿಸುವ ಬಟ್ಟೆ ಚೀಲ).

ಕಿಟ್‌ನಲ್ಲಿ ಬರುವುದು ಇಷ್ಟು: ಒಂದೂವರೆ ಕಿಲೋದ, ನಾಲ್ಕು ಕೈ ಮಡಚುವ ಲಂಗರು, ಹತ್ತು ಮೀಟರ್ ಪಾಲಿಪ್ರೊಪಿಲೀನ್ ಹಗ್ಗ, ಅಂಗೈಯಗಲದ ಬೆಂಡು, ಒಂದು ಕೊಕ್ಕೆ. ಸರಪಳಿ ಇಲ್ಲ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ. ಇಷ್ಟು ಸಣ್ಣ ಲಂಗರು ತನ್ನ ತೂಕದಿಂದ ದೋಣಿ ನಿಲ್ಲಿಸುವುದಿಲ್ಲ, ನೆಲದ ಮೇಲೆ ಅಡ್ಡ ಮಲಗಿ ಕೈ ಊರಿದರೆ ಮಾತ್ರ ನಿಲ್ಲಿಸುತ್ತದೆ. ಸರಪಳಿ ಇಲ್ಲದಿದ್ದರೆ ಹಗ್ಗ ಅದರ ತಲೆಯನ್ನೇ ಮೇಲಕ್ಕೆತ್ತುತ್ತದೆ, ಕೈಗಳು ಕೆಸರನ್ನು ಗೀರಿಕೊಂಡು ಬರುತ್ತವೆ. ಜೊತೆಗೆ ಮೂರು ಮೀಟರ್ ಆಳಕ್ಕೆ ಹತ್ತು ಮೀಟರ್ ಹಗ್ಗ ಇಳಿತದ ಸೆಳೆತದಲ್ಲಿ ಸಾಲುವುದಿಲ್ಲ. ಆಳದ ಐದು ಪಟ್ಟಾದರೂ ಬಿಡಬೇಕು, ಏಳು ಪಟ್ಟಿದ್ದರೆ ನೆಮ್ಮದಿ. ಅಂದರೆ ಸುಮಾರು 20 ಮೀಟರ್. ಪಾಲಿಪ್ರೊಪಿಲೀನ್ ತೇಲುವ ಹಗ್ಗ ಬೇರೆ. ಸಡಿಲ ಬಿಟ್ಟದ್ದೆಲ್ಲ ನೀರಿನ ಮೇಲೆ ಹಾವಿನ ಹಾಗೆ ಹರಡಿಕೊಂಡು, ಪಕ್ಕದಲ್ಲಿ ಹಾದುಹೋಗುವ ಮೋಟಾರು ದೋಣಿಯ ಫ್ಯಾನಿಗೆ ಸಿಗುತ್ತದೆ. 6 ಮಿ.ಮೀ. ನೈಲಾನ್ ಹಗ್ಗ ಹಾಕಿ, ಅದು ಮುಳುಗುತ್ತದೆ. ಲಂಗರಿಗೂ ಹಗ್ಗಕ್ಕೂ ನಡುವೆ 6 ಮಿ.ಮೀ. ಗ್ಯಾಲ್ವನೈಸ್ಡ್ ಸರಪಳಿ ಒಂದರಿಂದ ಒಂದೂವರೆ ಮೀಟರ್ ಸೇರಿಸಿ. ಸರಪಳಿ ಕಯಾಕಿಗೆ ಬಡಿದು ಮೀನು ಓಡಿಸಬಾರದೆಂದರೆ ಹಳೆಯ ಸೈಕಲ್ ಟ್ಯೂಬಿನೊಳಗೆ ತೂರಿಸಿ.

ಯಾವುದನ್ನು ಇಳಿಸುತ್ತೀರಿ ಅನ್ನುವುದಕ್ಕಿಂತ ಎಲ್ಲಿ ಕಟ್ಟುತ್ತೀರಿ ಅನ್ನುವುದೇ ದೊಡ್ಡದು. ಸೀಟಿನ ಪಕ್ಕದ ಹಿಡಿಕೆಗೆ ಲಂಗರು ಕಟ್ಟಿದರೆ ಕಯಾಕ್ ಹರಿವಿಗೆ ಅಡ್ಡ ತಿರುಗುತ್ತದೆ. ಆಮೇಲೆ ನೀರು ಒಂದು ಬದಿಯನ್ನು ಒತ್ತುತ್ತದೆ, ಹಗ್ಗ ಅದೇ ಬದಿಯನ್ನು ಕೆಳಕ್ಕೆಳೆಯುತ್ತದೆ. ಮಗುಚಲು ಇಷ್ಟು ಸಾಕು. ಹಗ್ಗ ಯಾವಾಗಲೂ ಮೂತಿಯಿಂದಲೋ ಹಿಂತುದಿಯಿಂದಲೋ ಹೋಗಬೇಕು, ಆದರೆ ಕೂತವರ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಟ್ರಾಲಿ ಇರುವುದು ಅದಕ್ಕೇ: ಎರಡು ತುದಿಯ ರಾಟೆಗಳ ಮೇಲೆ ಓಡುವ ಹಗ್ಗ, ಅದರಲ್ಲಿ ಒಂದು ಬಳೆ. ಲಂಗರಿನ ಹಗ್ಗ ಬಳೆಯೊಳಗಿಂದ ಹೋಗುತ್ತದೆ, ಕೂತಲ್ಲೇ ಟ್ರಾಲಿ ಹಗ್ಗ ಎಳೆದರೆ ಬಳೆ ಮೂತಿಗೋ ಹಿಂತುದಿಗೋ ಓಡುತ್ತದೆ.

ಹನ್ನೆರಡು ಅಡಿ ಕಯಾಕಿಗೆ ಬೇಕಾದದ್ದು: ಎರಡು ಸಣ್ಣ ರಾಟೆ, 40 ಮಿ.ಮೀ. ಸ್ಟೀಲ್ ಬಳೆ ಒಂದು, ಹಗ್ಗ ಸಿಕ್ಕಿಸಲು ಒಂದು ಕ್ಲೀಟ್, 4 ಮಿ.ಮೀ. ಪಾಲಿಯೆಸ್ಟರ್ ಹಗ್ಗ 8 ಮೀಟರ್, ಒಂದಡಿ ಎಲಾಸ್ಟಿಕ್ ಹಗ್ಗ. ಇಲ್ಲಿ ಮಾತ್ರ ನೈಲಾನ್ ಬೇಡ. ಒದ್ದೆಯಾದರೆ ಹಿಗ್ಗಿ ಜೋತುಬೀಳುತ್ತದೆ, ಜೋತುಬಿದ್ದ ಹಗ್ಗಕ್ಕೆ ಹುಟ್ಟು ಸಿಕ್ಕಿಕೊಳ್ಳುತ್ತದೆ. ಮೀನು ಎತ್ತುವ ಬದಿ ಬಿಟ್ಟು ಇನ್ನೊಂದು ಬದಿಯಲ್ಲಿ ಕೂರಿಸಿ. ಒಳಗೆ ಕೈ ಹೋಗುವ ಕಡೆ 5 ಮಿ.ಮೀ. ಸ್ಟೀಲ್ ಬೋಲ್ಟ್, ಅಗಲ ವಾಷರ್, ತಾನಾಗಿ ಸಡಿಲವಾಗದ ನೈಲಾಕ್ ನಟ್. ಕೈ ಹೋಗದ ಕಡೆ ಹಿಂದೆ ಮೂರು ಕಾಲು ಬಿಚ್ಚಿ ಹಿಡಿಯುವ ರಿವೆಟ್. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಪಾಪ್ ರಿವೆಟ್ ಹಾಕಿದರೆ ಅದರ ಹಿಂದಲೆ ಮೆತ್ತನೆ ಪ್ಲಾಸ್ಟಿಕ್ಕಿನೊಳಗಿಂದ ಜಾರಿ ಕಿತ್ತುಬರುತ್ತದೆ. ಕಿತ್ತುಬರದಿದ್ದರೆ ಉಪ್ಪುನೀರಿಗೆ ಒಳಗಿನ ಕಬ್ಬಿಣದ ಕಡ್ಡಿ ತುಕ್ಕು ಹಿಡಿಯುತ್ತದೆ. ತೂತಿಗೆ ಸಿಲಿಕೋನ್ ಬಳಿಯುವುದು ಅಭ್ಯಾಸ, ಆದರೆ ಪಾಲಿಎಥಿಲೀನಿಗೆ ಸಿಲಿಕೋನ್ ಸರಿಯಾಗಿ ಅಂಟುವುದೇ ಇಲ್ಲ, ಒಣಗಿದ ಮೇಲೆ ಉಗುರಿನಲ್ಲಿ ಸುಲಿದರೆ ಸಿಪ್ಪೆಯಂತೆ ಬರುತ್ತದೆ. ರಬ್ಬರಿನಂಥ ಮೆತ್ತನೆ ಅಂಟುಪಟ್ಟಿಯಾದ ಬ್ಯೂಟೈಲ್ ಟೇಪಿನ ಉಂಡೆ ಮಾಡಿ ತೂತಿನ ಸುತ್ತ ಒತ್ತಿ, ಮೇಲೆ ಬಿಗಿ ಮಾಡಿ. ಅದು ಗಟ್ಟಿಯಾಗುವುದಿಲ್ಲ, ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗಿ ಕುಗ್ಗಿದರೂ ಜೊತೆಗೇ ಹೋಗುತ್ತದೆ.

ಇನ್ನು ಲಂಗರಿನ ಅಸಲಿ ಕಿರಿಕಿರಿ. ಸಿಕ್ಕಿಕೊಳ್ಳುವುದು.

ಒಳ್ಳೆಯ ಮೀನಿರುವ ಜಾಗವೆಲ್ಲ ಲಂಗರು ಸಿಕ್ಕಿಕೊಳ್ಳುವ ಜಾಗವೇ. ಕೆಂಬೇರಿ ಮೀನು ಇರುವುದು ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ನಡುವೆ, ಕಲ್ಲಿನ ಸಂದಿನಲ್ಲಿ, ಸೇತುವೆ ಕಂಬದ ಬುಡದಲ್ಲಿ. ಹೊನ್ನಾವರದ ರೈಲು ಸೇತುವೆಯಂಥ ಕಡೆ ಕಂಬಗಳ ಸುತ್ತ ಸುಳಿಯೂ ಇರುತ್ತದೆ. ಲಂಗರಿನ ಒಂದು ಕೈ ಕಲ್ಲಿನಡಿ ಹೊಕ್ಕಿತೆಂದರೆ ಮೇಲಿಂದ ಎಷ್ಟು ಎಳೆದರೂ ಅದು ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ಬರುವುದಿಲ್ಲ. ದೊಡ್ಡ ದೋಣಿಯಾದರೆ ಎಂಜಿನ್ ಬಲವಿದೆ. ಕಯಾಕಿನಲ್ಲಿ ಕಾಲು ಚಾಚಿ ಕೂತವರು ಜೋರಾಗಿ ಎಳೆದರೆ ಕಯಾಕೇ ವಾಲುತ್ತದೆ.

ಇದಕ್ಕೆ ಮದ್ದು ಎರಡು ರೂಪಾಯಿಯ ಕೇಬಲ್ ಟೈ. ಮಡಚುವ ಲಂಗರಿನ ಬುಡದಲ್ಲಿ, ಕೈಗಳು ಸೇರುವ ಕಡೆ ಒಂದು ಕಣ್ಣು ಇರುತ್ತದೆ. ಸರಪಳಿಯನ್ನು ತಲೆಯ ಬಳೆಗೆ ಹಾಕಬೇಡಿ, ಈ ಬುಡದ ಕಣ್ಣಿಗೆ ಪಿನ್ ಇರುವ U ಆಕಾರದ ಕೊಂಡಿ, ಅಂದರೆ ಶ್ಯಾಕಲ್‌ನಿಂದ ಹಾಕಿ. ಶ್ಯಾಕಲ್ ಪಿನ್ ತಾನಾಗಿ ಬಿಚ್ಚದಂತೆ ತಂತಿ ಸುತ್ತಿ. ಆಮೇಲೆ ಸರಪಳಿಯನ್ನು ಲಂಗರಿನ ದಂಡದ ಗುಂಟ ಮೇಲಕ್ಕೆ ತಂದು, ತಲೆಯ ಬಳೆಗೆ ಒಂದೇ ಒಂದು ಕೇಬಲ್ ಟೈಯಿಂದ ಕಟ್ಟಿ. ಮಾಮೂಲಾಗಿ ಎಳೆತ ತಲೆಯ ಕಡೆಯಿಂದಲೇ ಇರುತ್ತದೆ, ಲಂಗರು ಹಿಡಿಯುತ್ತದೆ. ಸಿಕ್ಕಿಕೊಂಡಾಗ ಹಗ್ಗ ಗಿಡ್ಡ ಮಾಡಿ ಗಟ್ಟಿಯಾಗಿ ಜಗ್ಗಿದರೆ ಟೈ ಹರಿಯುತ್ತದೆ, ಎಳೆತ ಬುಡಕ್ಕೆ ಹೋಗುತ್ತದೆ, ಲಂಗರು ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಕಳಚಿ ಬರುತ್ತದೆ.

ಸರಿ, ಯಾವ ಟೈ? 2.5 ಮಿ.ಮೀ. ಅಗಲದ್ದು ಸುಮಾರು 8 ಕಿಲೋ ಎಳೆತಕ್ಕೆ ಮಾಡಿದ್ದು. ಇಳಿತ ಜೋರಾದಾಗ, ಹಾದುಹೋದ ದೋಣಿಯ ಅಲೆಗೆ ಕಯಾಕ್ ಒಮ್ಮೆ ಜಗ್ಗಿದರೆ ತಾನೇ ಹರಿಯುತ್ತದೆ, ನೀವು ಗೊತ್ತಿಲ್ಲದೇ ತೇಲಿಕೊಂಡು ಹೋಗುತ್ತಿರುತ್ತೀರಿ. 4.8 ಮಿ.ಮೀ.ನದು 22 ಕಿಲೋದ್ದು, ಕೂತು ಎಳೆದರೆ ಹರಿಯುವುದಿಲ್ಲ, ಆಗ ಟೈ ಕಟ್ಟಿಯೂ ಒಂದೇ ಬಿಟ್ಟೂ ಒಂದೇ. ನಡುವಿನ 3.6 ಮಿ.ಮೀ., 18 ಕಿಲೋದ್ದು ಸರಿಹೊಂದುತ್ತದೆ. ಕಪ್ಪು ಬಣ್ಣದ್ದೇ ತನ್ನಿ. ಬಿಳಿಯದು ಬಿಸಿಲಿನಲ್ಲೇ ಇದ್ದರೆ ದಿನ ಕಳೆದಂತೆ ಗರಿಗರಿಯಾಗಿ, 18 ಕಿಲೋದ್ದು ಎಷ್ಟಕ್ಕೆ ಮುರಿಯುತ್ತದೆಂದು ಹೇಳಲಾಗದು. ಹತ್ತು ಟೈ ಲೈಫ್ ಜಾಕೆಟಿನ ಜೇಬಿನಲ್ಲಿರಲಿ.

ಜಗ್ಗುವಾಗ ಇನ್ನೊಂದು ನೆನಪಿಡಿ. ಮೊದಲು ಟ್ರಾಲಿಯ ಬಳೆಯನ್ನು ಮೂತಿಗೆ ಓಡಿಸಿ, ಆಮೇಲೆ ಹುಟ್ಟು ಹಾಕಿ ಲಂಗರಿನ ನೆತ್ತಿಯ ಮೇಲೆ ಬಂದು, ಹಗ್ಗವನ್ನು ಕ್ಲೀಟಿಗೆ ಸಿಕ್ಕಿಸಿ, ಹರಿವಿನ ಎದುರಿಗೆ ಹುಟ್ಟು ಹಾಕುತ್ತ ಮೂತಿಯಿಂದಲೇ ಎಳೆಸಿ. ಪಕ್ಕಕ್ಕೆ ಬಗ್ಗಿ ಎರಡೂ ಕೈಯಲ್ಲಿ ಜಗ್ಗಿದರೆ, ಟೈ ಹರಿದ ಕ್ಷಣ ನೀವು ಇನ್ನೊಂದು ಬದಿಯಿಂದ ನೀರಿಗೆ. ಎರಡು ಸಲ ಮಾಡಿಯೂ ಬರದಿದ್ದರೆ ಹಗ್ಗದ ತುದಿಗೆ ಬೆಂಡು ಕಟ್ಟಿ ಬಿಟ್ಟುಬಿಡಿ, ಇಳಿತ ನಿಂತು ನೀರು ತಿರುಗುವ ಹೊತ್ತಿಗೆ ಬಂದು ಎತ್ತಿಕೊಳ್ಳಿ. ಹಾಗಾಗಿ ಹಗ್ಗದ ತುದಿ ಬಳೆಗೆ ಗಂಟಾಗಿರಬಾರದು, ಒಂದೇ ಕೈಯಲ್ಲಿ ಬಿಚ್ಚುವ ಕೊಕ್ಕೆಯಾಗಿರಬೇಕು. ಚಾಕು ಎದೆಯ ಮೇಲಿರಬೇಕು, ಡಬ್ಬಿಯಲ್ಲಲ್ಲ. ಕಿಟ್‌ನ ಪುಟ್ಟ ಬೆಂಡು ಸೆಳೆತಕ್ಕೆ ನೀರೊಳಗೆ ಮುಳುಗಿಬಿಡುತ್ತದೆ. ಬಲೆಗೆ ಕಟ್ಟುವ ದೊಡ್ಡ ಬೆಂಡು ಎರಡು ಪೋಣಿಸಿ.

ಗಳಕ್ಕೆ ಈ ಯಾವ ತಂಟೆಯೂ ಇಲ್ಲ. ಒಳಗೆ ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರು, ಬುಡದಲ್ಲಿ 30 ಮಿ.ಮೀ. ದಪ್ಪ, ಉದ್ದ 2.4 ಮೀಟರ್. ಕೆಳತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕಡಿಯಿರಿ. ಗೆಣ್ಣಿದ್ದರೆ ಸೀಳುವುದಿಲ್ಲ, ಕೆಸರೂ ಒಳಗೆ ತುಂಬುವುದಿಲ್ಲ. ಮೇಲ್ತುದಿಗೆ ಸೈಕಲ್ ಟ್ಯೂಬ್ ಸುತ್ತಿದರೆ ಒದ್ದೆ ಕೈ ಜಾರುವುದಿಲ್ಲ. ಅರ್ಧ ಮೀಟರ್ ಕೆಸರಿನಲ್ಲಿ, ಒಂದು ಮೊಳ ನೀರಿನ ಮೇಲೆ, ಅಂದರೆ ಒಂದೂವರೆ ಮೀಟರ್ ಆಳದವರೆಗೆ ಸಲೀಸು. ಹತ್ತಡಿಯದು ಇನ್ನೂ ಆಳಕ್ಕೆ ಹೋಗುತ್ತದೆ ನಿಜ, ಆದರೆ ಕೂತಲ್ಲಿಂದ ಆಡಿಸುವುದು ಹಿಂಸೆ.

ನೆಡುವಾಗ ಟೆಂಟಿನ ಗೂಟದ ಹಾಗೆ, ತಲೆ ಹರಿವಿನ ಎದುರಿಗೆ ವಾಲಿರಲಿ. ತಿರುಚುತ್ತ ಒತ್ತಿ, ಕುಟ್ಟಬೇಡಿ. ಗಳಕ್ಕೆ ಕಟ್ಟುವ ಗಿಡ್ಡ ಹಗ್ಗದ ಕುಣಿಕೆ ನೀರಿನ ಮಟ್ಟಕ್ಕೆ ಇಳಿದಿರಬೇಕು, ತುದಿಗೆ ಕಟ್ಟಿದರೆ ಕಿತ್ತುಬರುತ್ತದೆ. ಹಗ್ಗದ ಇನ್ನೊಂದು ತುದಿ ಟ್ರಾಲಿಯ ಬಳೆಗೆ. ನೀರು ಏರಿಳಿದಂತೆ ಕುಣಿಕೆ ಗಳದ ಮೇಲೆ ಜಾರುವಷ್ಟು ಸಡಿಲವಿರಲಿ. ಕಾರವಾರದ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಇಳಿತದ ಅಂತರ ಒಂದೂವರೆ ಮೀಟರ್ ಮೀರುತ್ತದೆ. ಇಳಿತದಲ್ಲಿ ನೆಟ್ಟು ಮರೆತವರ ಗಳ ಉಬ್ಬರಕ್ಕೆ ನೀರೊಳಗೆ ಹೋಗಿರುತ್ತದೆ.

ಕೆಲವರು ಕಯಾಕಿನೊಳಗೆ ಬಿದ್ದ ನೀರು ಇಳಿದುಹೋಗಲು ತಳದಲ್ಲಿರುವ ಸ್ಕಪ್ಪರ್ ತೂತಿನಲ್ಲೇ ಗಳ ತೂರಿಸಿ ನೆಡುತ್ತಾರೆ. ದಯವಿಟ್ಟು ಬೇಡ. ಆ ಕೊಳವೆ ತಳಕ್ಕೆ ಸೇರುವ ಕಡೆಯೇ ಪ್ಲಾಸ್ಟಿಕ್ ತೆಳು. ಅಲೆಗೆ ಕಯಾಕ್ ಆಡಿದಂತೆಲ್ಲ ಗಳ ಸನ್ನೆಕೋಲಿನಂತೆ ಮೀಟಿ ಅಲ್ಲಿ ಬಿರುಕು ಬಿಡಿಸುತ್ತದೆ. ಆ ಬಿರುಕಿಗೆ ಅಂಟು ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಬೆಸುಗೆಯವರನ್ನು ಹುಡುಕಬೇಕು.

ಗಳದ ದೊಡ್ಡ ಲಾಭ ಕಾಣುವುದು ಮೀನು ಕಚ್ಚಿದಾಗ. ಕೆಂಬೇರಿ ಬೇರಿನ ಕಡೆ ನುಗ್ಗಿತೆಂದರೆ ಗಳದ ಹಗ್ಗದ ಕೊಕ್ಕೆ ಬಿಚ್ಚಿ, ಗಳ ಅಲ್ಲೇ ಬಿಟ್ಟು, ಮೀನಿನ ಹಿಂದೆ ಹೋಗಬಹುದು. ಲಂಗರಿನ 20 ಮೀಟರ್ ಹಗ್ಗ ನೀರಿನಲ್ಲಿದ್ದರೆ ಮೀನು ಮೊದಲು ಸುತ್ತುವುದು ಅದಕ್ಕೇ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ಅಳಿವೆ ಅಂಚಿನ ಗದ್ದೆ) ತೂಬಿನ ಬಾಯಿಯಿಂದ ಸಿಗಡಿ, ಮರಿಮೀನು ಹೊರಬೀಳುವಾಗ, ಹತ್ತು ಮಾರು ದೂರದಲ್ಲಿ ಸದ್ದಿಲ್ಲದೆ ನಿಲ್ಲಲು ಗಳದಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಲ್ಲೇ ಬಳಚು (ಚಿಪ್ಪುಮೀನು) ಹೆಕ್ಕುವವರು ಸೊಂಟದ ನೀರಿನಲ್ಲಿರುತ್ತಾರೆ, ಅವರ ಜಾಗ ಬಿಟ್ಟು ನೆಡಿ. ಬಲೆಯವರ ಗೂಟಕ್ಕೆ ಕಯಾಕ್ ಕಟ್ಟುವುದಂತೂ ಕೂಡದು.

ಗಳ ಸೋಲುವ ಜಾಗಗಳೂ ಇವೆ. ಚಿರೆಕಲ್ಲಿನ ನೆಲದಲ್ಲಿ ಊರುವುದಿಲ್ಲ. ಅಳಿವೆ ಬಾಯಿಯ ಗಟ್ಟಿ ಮರಳಿನಲ್ಲಿ ಒಂದು ಗೇಣು ಇಳಿದು ನಿಲ್ಲುತ್ತದೆ. ಅಲ್ಲಿ ಕಾಣೆ ಮೀನು ಹಿಡಿಯುವ ಆಸೆಯಿದ್ದರೆ ಲಂಗರೇ ಗತಿ, ಜೂನ್ ಬಂದ ಮೇಲೆ ಆ ಆಸೆಯೂ ಬೇಡ. ಬಿದಿರು ಉಪ್ಪುನೀರು, ಬಿಸಿಲಿಗೆ ಬಿರುಕು ಬಿಡುತ್ತದೆ, ಬೆರಳಿನಿಂದ ತಟ್ಟಿದರೆ ಒಡಕು ಸದ್ದು ಬಂತೆಂದರೆ ಬದಲಿಸಿ. ಫೈಬರ್‌ಗ್ಲಾಸ್ ಗಳ ಬಾಳಿಕೆ ಬರುತ್ತದೆ, ಆದರೆ ಅದರ ದುಡ್ಡಿಗೆ ಹತ್ತಾರು ಬಿದಿರು ಬರುತ್ತವೆ.

ಸರಪಳಿ ಎಳೆಯುವುದು, ಅಂದರೆ ಎರಡು ಮೂರು ಕಿಲೋ ಸರಪಳಿಯನ್ನು ಟ್ಯೂಬಿಗೆ ತುಂಬಿ ಹಿಂತುದಿಯಿಂದ ಬಿಡುವುದು, ಮರಳಿನ ಮೇಲೆ ನಿಧಾನ ತೇಲುತ್ತ ಗಾಳ ಹಾಕುವುದಕ್ಕೆ ಚೆನ್ನ. ಕಲ್ಲಿರುವಲ್ಲಿ ಬಿಟ್ಟರೆ ಹೋಯಿತು. ಡ್ರಿಫ್ಟ್ ಚ್ಯೂಟ್ ಕೆರೆ, ಜಲಾಶಯದ ಗಾಳಿಗೆ ಮಾಡಿದ ಸಾಮಾನು, ಹರಿವಿರುವಲ್ಲಿ ನೀರನ್ನೇ ತುಂಬಿಕೊಂಡು ಕಯಾಕನ್ನು ಹರಿವಿನ ಜೊತೆಗೇ ಎಳೆದೊಯ್ಯುತ್ತದೆ.

ನನ್ನದು ಬೆಳಗಿನ ಇಳಿತ, ಕಾಂಡ್ಲಾ ಪಕ್ಕದ ಆಳವಿಲ್ಲದ ನೀರು, ಒಬ್ಬನೇ ಕಯಾಕ್ ಹೊರುವ ಲೆಕ್ಕ. ಆದ್ದರಿಂದ ದುಡ್ಡು ಮೊದಲು ಟ್ರಾಲಿಗೆ, ಆಮೇಲೆ ಗಳಕ್ಕೆ, ಉಳಿದರೆ ಬರೀ ಲಂಗರಿಗೆ. ಸೇತುವೆ ಬುಡದಲ್ಲೇ ಮೀನು ಹಿಡಿಯುವವರಾದರೆ ಲಂಗರು ಮೊದಲಾಗಲಿ, ಆದರೆ ಕಿಟ್ ಬೇಡ, ಬಿಡಿಬಿಡಿಯಾಗಿ ಕೊಳ್ಳಿ. ಕಿಟ್‌ನಲ್ಲಿ ಬಂದದ್ದರಲ್ಲಿ ಹೇಗಿತ್ತೋ ಹಾಗೆಯೇ ಬಳಕೆಗೆ ಬಂದದ್ದು ಆ ಪುಟ್ಟ ಬೆಂಡು ಒಂದೇ, ಕಾರಿನ ಕೀಲಿಗೆ ಕಟ್ಟಿದ್ದೇನೆ.